ತಂತ್ರಜ್ಞಾನದ ಓಟ: ಎಲ್ಲಿ ಜೊತೆಗೆ ಓಡಬೇಕು, ಎಲ್ಲಿ ನಿಲ್ಲಬೇಕು?

ಸಾಲುಮರ

ತಂತ್ರಜ್ಞಾನದ ವೇಗದ ವಿಷಯ ಹಳೆಯದೇ, ಆದರೆ ಈಚೆಗೆ ಅದರ ಬಿಸಿ ಹೆಚ್ಚಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಟಿಪಿಎಂ 2.0 (ಭದ್ರತಾ ಕೀಗಳನ್ನು ಕಾಪಾಡುವ ಚಿಪ್) ಇಲ್ಲದ ಕಂಪ್ಯೂಟರ್‌ಗಳಿಗೂ, ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಿಂದಿನ ಪ್ರೊಸೆಸರ್ ಇರುವ ಬಹುಪಾಲು ಕಂಪ್ಯೂಟರ್‌ಗಳಿಗೂ ವಿಂಡೋಸ್ 11ರಲ್ಲಿ ಜಾಗವಿಲ್ಲ. ಪತ್ರ ಟೈಪ್ ಮಾಡಲು, ಲೆಕ್ಕದ ಹಾಳೆ ತೆರೆಯಲು, ವಿಡಿಯೊ ಕರೆ ಮಾಡಲು ಅವುಗಳಿಗೆ ಇವತ್ತಿಗೂ ತ್ರಾಸವಿಲ್ಲ. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಒಂದು ತಾರೀಖು ಬಂತೆಂದು ಮೂಲೆಗೆ ಹಾಕಬೇಕು ಎಂದರೆ ಸಿಟ್ಟು ಬರುತ್ತದೆ.

ಅದೇ ಹೊತ್ತಿಗೆ, ಕಿವಿ ಮಂದವಾದವರ ಮುಂದೆ ಫೋನ್ ಇಟ್ಟರೆ ಎದುರಿನವರ ಮಾತು ಅಕ್ಷರವಾಗಿ ಮೂಡುತ್ತದೆ. ಇಂಥದ್ದನ್ನು ಬೇಡ ಎನ್ನುವ ಮನಸ್ಸು ಯಾರಿಗೂ ಬರುವುದಿಲ್ಲ.

ಹಾಗಾಗಿ ವೇಗ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಬೇಡ. ಕೆಲಸ ಬಲ್ಲವರಿಂದ ತಿಳಿಯಬೇಕಾದದ್ದು ಇಷ್ಟು: ಯಾವ ಬದಲಾವಣೆಗೆ ತಕ್ಷಣ ಒಪ್ಪಿಕೊಳ್ಳಬೇಕು, ಯಾವುದನ್ನು ಮುಂದೂಡಬಹುದು, ಮುಂದೂಡಿದರೆ ಏನು ಕೆಡುತ್ತದೆ? ಹಳೆಯ ಸಾಧನ ನಿಜವಾಗಿ ಸಾಯುವುದು ಯಾವ ಕಾರಣಕ್ಕೆ?

ತಂತಿಜಾಲ

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಹಳೆಯ ಸಾಧನದ ಚಿಪ್ ಸವೆದು ಸಾಯುವುದು ಅಪರೂಪ. ಅದು ಮಾತಾಡಬೇಕಾದ ಇನ್ನೊಂದು ಕಡೆ ಬದಲಾಗಿರುತ್ತದೆ.

ಮೊದಲನೆಯದು ಸರ್ಟಿಫಿಕೇಟ್, ಅಂದರೆ ವೆಬ್‌ಸೈಟ್ ಅಸಲಿಯೆಂದು ತೋರಿಸುವ ಡಿಜಿಟಲ್ ಗುರುತುಪತ್ರ. ಸುರಕ್ಷಿತ ವೆಬ್‌ಸೈಟ್ ತೆರೆಯಬೇಕಾದರೆ ಸಾಧನದೊಳಗೆ ನಂಬಿಕಸ್ಥ ಮೂಲ ಸರ್ಟಿಫಿಕೇಟ್‌ಗಳ ಪಟ್ಟಿ ಇರಬೇಕು. ಆ ಪಟ್ಟಿ ಸಾಮಾನ್ಯವಾಗಿ ಸಿಸ್ಟಂ ಅಪ್‌ಡೇಟ್ ಜೊತೆಗೇ ಬರುತ್ತದೆ. ಅಪ್‌ಡೇಟ್ ನಿಂತರೆ ಪಟ್ಟಿಯೂ ಹಳಸುತ್ತದೆ. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲ ಸರ್ಟಿಫಿಕೇಟ್ ಅವಧಿ ಮುಗಿದಾಗ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಸರ್ಟಿಫಿಕೇಟ್ ಬಳಸುವ ತಾಣಗಳು ಎಷ್ಟೋ ಹಳೆಯ ಸಾಧನಗಳಲ್ಲಿ ಏಕಾಏಕಿ ತೆರೆಯದಾದವು. ಸಾಧನ ಕೆಟ್ಟಿರಲಿಲ್ಲ, ತಾಣವೂ ಕೆಟ್ಟಿರಲಿಲ್ಲ.

ಎರಡನೆಯದು ಗೂಢಲಿಪಿಯ ಆವೃತ್ತಿ. ಬ್ರೌಸರ್ ಮತ್ತು ತಾಣದ ನಡುವಿನ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್ ವಿಧಾನದ 1.0 ಮತ್ತು 1.1 ಆವೃತ್ತಿಗಳನ್ನು ಮುಖ್ಯ ಬ್ರೌಸರ್‌ಗಳು 2020ರಲ್ಲಿ ಕೈಬಿಟ್ಟವು. ಹಳೆಯ ರೌಟರ್, ನೆಟ್‌ವರ್ಕ್ ಪ್ರಿಂಟರ್, ಕ್ಯಾಮೆರಾಗಳ ಸೆಟ್ಟಿಂಗ್ ಪುಟ ಹೊಸ ಬ್ರೌಸರ್‌ನಲ್ಲಿ ತೆರೆಯದಿರುವುದಕ್ಕೆ ಬಹಳ ಸಲ ಇದೇ ಕಾರಣ. ಮೂರನೆಯದು ಸರ್ವರ್: ಆ್ಯಪ್ ಹಾಗೇ ಇರುತ್ತದೆ, ಅದಕ್ಕೆ ಉತ್ತರ ಕೊಡುವ ಕಂಪನಿಯ ಯಂತ್ರ ಮುಚ್ಚಿರುತ್ತದೆ.

ಇನ್ನು ಮೊಬೈಲ್ ಜಾಲ. ಅಮೆರಿಕದ ಎಟಿ ಆ್ಯಂಡ್ ಟಿ 2022ರ ಫೆಬ್ರುವರಿಯಲ್ಲಿ 3ಜಿ ನಿಲ್ಲಿಸಿತು. ಆಗ ತೊಂದರೆಗೆ ಸಿಕ್ಕಿದ್ದು ಹಳೆಯ ಫೋನ್‌ಗಳಷ್ಟೇ ಅಲ್ಲ. ಕಾರುಗಳ ತುರ್ತು ಕರೆ ಪೆಟ್ಟಿಗೆ, ಕಳ್ಳರ ಅಲಾರಂ, ವೃದ್ಧರು ಕೊರಳಿಗೆ ಹಾಕಿಕೊಳ್ಳುವ ತುರ್ತು ಗುಂಡಿ ಎಲ್ಲವೂ ಅದೇ ಜಾಲದ ಮೇಲೆ ನಿಂತಿದ್ದವು. 4ಜಿ ಫೋನ್‌ನಲ್ಲೂ ಒಂದು ಸೂಕ್ಷ್ಮವಿದೆ: 4ಜಿಯಲ್ಲಿ ಇಂಟರ್ನೆಟ್ ಬಂದರೂ ಕರೆಗೆ ವೋಲ್ಟಿ (4ಜಿ ಜಾಲದ ಮೇಲೆಯೇ ಕರೆ ಸಾಗಿಸುವ ಸೌಲಭ್ಯ) ಬೇಕು. ಅದಿಲ್ಲದ ಫೋನ್ ಕರೆ ಮಾಡುವಾಗ 3ಜಿಗೋ 2ಜಿಗೋ ಇಳಿಯುತ್ತದೆ. ಆ ಜಾಲಗಳೇ ಇಲ್ಲದ ಕಡೆ ಡೇಟಾ ಓಡುತ್ತದೆ, ಕರೆ ಹೋಗುವುದಿಲ್ಲ. ತುರ್ತು ಉಪಯೋಗದ ಸಾಧನ ಕೊಳ್ಳುವಾಗ ಅದು ಯಾವ ಜಾಲದ ಮೇಲೆ ಕೆಲಸ ಮಾಡುತ್ತದೆ ಎಂದು ಮೊದಲು ಕೇಳಬೇಕು. ಬಣ್ಣ, ಗಾತ್ರ, ವಾರಂಟಿ ಎಲ್ಲ ಆಮೇಲೆ.

ಬೆಸುಗೆಕಡ್ಡಿ

ತಂತಿಜಾಲ ಅವರು ಹೇಳಿದ್ದು ಜಾಲದ ಕಡೆಯ ಮಾತು. ಕೈಯಲ್ಲಿರುವ ಯಂತ್ರದ ಕಡೆಯಿಂದ ನೋಡಿದರೆ ಎಲ್ಲಕ್ಕಿಂತ ಮುಂಚೆ ಸೋಲುವುದು ಬ್ಯಾಟರಿ. ಜನ ಅದನ್ನು 'ಫೋನ್ ಸ್ಲೋ ಆಯ್ತು' ಎಂದು ಓದಿಕೊಂಡು ಹೊಸದು ತರುತ್ತಾರೆ.

ಒಳಗೆ ಆಗುವುದು ಹೀಗೆ. ಲಿಥಿಯಂ ಅಯಾನ್ ಬ್ಯಾಟರಿ ಹಳತಾದಂತೆ ಅದರ ಒಳರೋಧ ಏರುತ್ತದೆ. ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿದು ಫೋನ್ ಆರಿಹೋಗುತ್ತದೆ, ಪರದೆಯ ಮೇಲೆ ಇನ್ನೂ 30 ಶೇಕಡಾ ತೋರಿಸುತ್ತಿದ್ದರೂ. ಚಳಿಯಲ್ಲಿ ಇದು ಹೆಚ್ಚು. ಹಾಗೆ ಆರದಿರಲೆಂದು ಪ್ರೊಸೆಸರ್ ವೇಗವನ್ನೇ ತಗ್ಗಿಸುವ ಸಾಫ್ಟ್‌ವೇರ್ ಹಾಕಿದ್ದಾಗಿ ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಅಂಥ ಫೋನ್‌ಗೆ ಹೊಸ ಬ್ಯಾಟರಿ ಹಾಕಿದರೆ ವೇಗ ಮರಳಿ ಬರುತ್ತದೆ. ಸೆಟ್ಟಿಂಗ್‌ನಲ್ಲಿ ಬ್ಯಾಟರಿಯ ಗರಿಷ್ಠ ಸಾಮರ್ಥ್ಯ 80 ಶೇಕಡಾಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿ ಬದಲಿಸಿ, ಹೊಸ ಫೋನಿನ ಯೋಚನೆ ಆಮೇಲೆ ಮಾಡಿ.

ಆಯುಷ್ಯ ಹೆಚ್ಚಿಸಬೇಕಾದರೆ ಎರಡೇ ಶತ್ರುಗಳನ್ನು ದೂರವಿಡಬೇಕು: ಶಾಖ ಮತ್ತು ದೀರ್ಘಕಾಲದ ಪೂರ್ಣ ಚಾರ್ಜ್. ಚಾರ್ಜ್ 80ಕ್ಕೆ ನಿಲ್ಲಿಸುವ ಆಯ್ಕೆ ಈಗ ಹೆಚ್ಚಿನ ಫೋನ್, ಲ್ಯಾಪ್‌ಟಾಪ್‌ಗಳಲ್ಲಿದೆ. ಸದಾ ಪ್ಲಗ್‌ಗೆ ಹಾಕಿಟ್ಟೇ ಬಳಸುವ ಲ್ಯಾಪ್‌ಟಾಪ್‌ಗೆ ಅದು ಕಡ್ಡಾಯವೆಂದೇ ತಿಳಿಯಿರಿ. ಬಹಳ ದಿನ ಬಳಸದೆ ಇಡುವ ಸಾಧನವನ್ನು ಅರ್ಧದಷ್ಟು ಚಾರ್ಜ್ ಮಾಡಿ ತಣ್ಣಗಿನ ಜಾಗದಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜ್ ಮಾಡಬಾರದು.

ಸಾಲುಮರ ಅವರ ವಿಂಡೋಸ್ ಪ್ರಶ್ನೆಗೆ: ಟಿಪಿಎಂ ಇಲ್ಲ ಎಂಬ ಸಂದೇಶ ಬಂದ ಯಂತ್ರಗಳೆಲ್ಲ ನಿಜವಾಗಿ ಟಿಪಿಎಂ ಇಲ್ಲದವಲ್ಲ. ಎಂಟನೇ ಪೀಳಿಗೆಯ ಅಥವಾ ಅದರ ನಂತರದ ಇಂಟೆಲ್, ಇಲ್ಲವೇ ರೈಜನ್ 2000 ಸರಣಿಯ ಅಥವಾ ಅದರ ನಂತರದ ಎಎಂಡಿ ಪ್ರೊಸೆಸರ್ ಇದ್ದರೆ ಬಯೋಸ್‌ಗೆ, ಅಂದರೆ ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟಕ್ಕೆ, ಹೋಗಿ ನೋಡಿ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಎಷ್ಟೋ ಬೋರ್ಡ್‌ಗಳಲ್ಲಿ ಅದು ಆಫ್ ಆಗಿರುತ್ತದೆ, ಅಷ್ಟೆ. ಆದರೆ ಮುಟ್ಟುವ ಮುನ್ನ ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕುವ ಗೂಢಲಿಪಿಯ ಬೀಗ) ಇದೆಯೇ ಎಂದು ನೋಡಿ, ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಂಡು, ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಿ. ಇಲ್ಲದಿದ್ದರೆ ಮುಂದಿನ ಬೂಟ್‌ನಲ್ಲಿ ಅದೇ ಕೀ ಕೇಳಿ ನಿಂತುಬಿಡುತ್ತದೆ. ಡಿಸ್ಕ್‌ನ ವಿಭಾಗಗಳ ಪಟ್ಟಿ ಹಳೆಯ ಎಂಬಿಆರ್ ವಿನ್ಯಾಸದಲ್ಲಿದ್ದರೆ ಅದನ್ನು ಹೊಸ ಜಿಪಿಟಿ ವಿನ್ಯಾಸಕ್ಕೆ ಬದಲಿಸಿದ ಮೇಲೆಯೇ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಮತ್ತು ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶದಿಂದ ಮಾತ್ರ ಶುರುವಾಗುವ ವ್ಯವಸ್ಥೆ) ಆನ್ ಮಾಡಬೇಕು. ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಆದೇಶವನ್ನು ಮೊದಲು ವ್ಯಾಲಿಡೇಟ್ ಆಯ್ಕೆಯೊಂದಿಗೆ ಓಡಿಸಿ. ಅದು ಸರಿ ಎಂದಮೇಲೆ ಕನ್ವರ್ಟ್. ಕ್ರಮ ತಪ್ಪಿದರೆ ಯಂತ್ರ ಬೂಟ್ ಆಗುವುದಿಲ್ಲ.

ಏಳನೇ ಪೀಳಿಗೆ ಅಥವಾ ಅದಕ್ಕೂ ಹಿಂದಿನದಾದರೆ ಈ ದಾರಿ ಇಲ್ಲ. ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿದರೆ ಮನೆ ಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರ ತನಕ ಕಾಲಾವಕಾಶವೆಂದು ಮೊದಲು ಪ್ರಕಟಿಸಿದ್ದರು. ಆಮೇಲೆ ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ.

ಹೊಸಬೆಳಕು

ದಣಿವಿನ ಮಾತು ಹೆಚ್ಚಾಗುತ್ತಿದೆ, ಇನ್ನೊಂದು ಪಕ್ಕವನ್ನೂ ಗಟ್ಟಿಯಾಗಿ ಹೇಳಲೇಬೇಕು.

ಗುಂಡಿಗಳಿಲ್ಲದ ನುಣುಪು ಗಾಜಿನ ಫೋನ್ ಬಂದಾಗ ಅಂಧರು ಶಾಶ್ವತವಾಗಿ ಹೊರಗುಳಿಯುತ್ತಾರೆ ಎಂಬ ಭಯವಿತ್ತು, ಆ ಭಯಕ್ಕೆ ಕಾರಣವೂ ಇತ್ತು. 2009ರಲ್ಲಿ ಐಫೋನ್ 3ಜಿಎಸ್ ಜೊತೆ ವಾಯ್ಸ್‌ಓವರ್ ಬಂತು: ಬೆರಳು ಸವರಿದಲ್ಲಿ ಏನಿದೆ ಎಂದು ಫೋನ್ ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕೂಡ ಅದೇ ವರ್ಷದ್ದು. ಕಂಪ್ಯೂಟರ್‌ಗೆ ಪ್ರತ್ಯೇಕವಾಗಿ ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಕಿದ್ದ ಕಾಲದಿಂದ, ಪೆಟ್ಟಿಗೆ ತೆರೆದ ಕ್ಷಣದಿಂದಲೇ ಅಂಧರು ಬಳಸಬಹುದಾದ ಸಾಧನದ ತನಕ ಬಂದದ್ದು ಈ ವೇಗದಿಂದಲೇ.

ಇನ್ನೊಂದು ಉದಾಹರಣೆ ನೋಡಿ. ವೈಫೈನ ಮೊದಲ ಗೂಢಲಿಪಿ ವಿಧಾನವಾದ ಡಬ್ಲ್ಯುಇಪಿ ದುರ್ಬಲವೆಂದು 2001ರಲ್ಲೇ ಸಾಬೀತಾಯಿತು. ಹಳೆಯ ಯಂತ್ರಗಳು ಇವೆ ಎಂಬ ಕಾರಣಕ್ಕೆ ಅದನ್ನು ಎಷ್ಟೋ ವರ್ಷ ಜನ ಬಿಡಲಿಲ್ಲ, ಆ ಅಷ್ಟೂ ವರ್ಷ ಅವರ ಜಾಲ ತೆರೆದ ಬಾಗಿಲಾಗಿತ್ತು. ತಂತಿಜಾಲ ಅವರು ಹೇಳಿದ ಸರ್ಟಿಫಿಕೇಟ್ ಕಥೆಗೂ ಎರಡನೇ ಮುಖವಿದೆ: ಲೆಟ್ಸ್ ಎನ್‌ಕ್ರಿಪ್ಟ್ 2015ರ ಕೊನೆಯಲ್ಲಿ ಉಚಿತ ಸರ್ಟಿಫಿಕೇಟ್ ಕೊಡಲು ಶುರು ಮಾಡಿದ್ದರಿಂದಲೇ ಸಣ್ಣ ತಾಣಗಳಿಗೂ ಸುರಕ್ಷಿತ ಸಂಪರ್ಕ ಸಿಕ್ಕಿತು. ನಿಧಾನವೇ ಕ್ಷೇಮ ಎಂಬುದನ್ನು ಭದ್ರತೆಯ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ತಂತಿಜಾಲ

ಒಪ್ಪಿದೆ, ಆದರೆ ಭದ್ರತೆಯ ಹೆಸರಿನಲ್ಲಿ ಹಳೆಯ ಯಂತ್ರ ಎಸೆಯಬೇಕೆಂದಿಲ್ಲ, ಅದನ್ನು ಬೇರೆಯಾಗಿ ಕೂರಿಸಬಹುದು. ಹೊಸ ರೌಟರ್ ತಂದಾಗ ಹಳೆಯ ಪ್ರಿಂಟರ್, ಕ್ಯಾಮೆರಾ ಸೇರುವುದಿಲ್ಲ ಎಂಬ ದೂರು ಬಹಳ ಸಾಮಾನ್ಯ. ಕಾರಣ ಸಾಧಾರಣವಾಗಿ ಎರಡು. ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಪ್ರಸಾರ ಮಾಡುತ್ತದೆ, 2.4 ಮಾತ್ರ ಬಲ್ಲ ಸಾಧನ ಸೆಟಪ್ ಹೊತ್ತಿನಲ್ಲಿ ಗೊಂದಲಕ್ಕೆ ಬೀಳುತ್ತದೆ. ಅಥವಾ ವೈಫೈನ ಹೊಸ ಭದ್ರತಾ ವಿಧಾನವಾದ ಡಬ್ಲ್ಯುಪಿಎ3 ಆನ್ ಆಗಿರುತ್ತದೆ. ಡಬ್ಲ್ಯುಪಿಎ2 ಮತ್ತು 3 ಎರಡೂ ನಡೆಯುವ ಮಿಶ್ರ ವಿಧಾನ ಹಾಕಿದರೂ ಕೆಲವು ಹಳೆಯ ಸಾಧನಗಳು ಸೇರಲಾರವು.

ಪರಿಹಾರ: ಗೆಸ್ಟ್ ಜಾಲವನ್ನು 2.4ರಲ್ಲಿ ಮಾತ್ರ, ಬೇರೆ ಹೆಸರಿನಲ್ಲಿ ತೆರೆಯಿರಿ. ಭದ್ರತೆ ಡಬ್ಲ್ಯುಪಿಎ2 ಎಇಎಸ್, ಚಾನೆಲ್ ಅಗಲ 20 ಮೆಗಾಹರ್ಟ್ಸ್, ಚಾನೆಲ್ 1, 6 ಅಥವಾ 11. ಹಳೆಯ ಕ್ಯಾಮೆರಾ, ಬಲ್ಬ್ ಎಲ್ಲ ಅಲ್ಲಿರಲಿ. ಗೆಸ್ಟ್ ಜಾಲದಿಂದ ಮುಖ್ಯ ಜಾಲಕ್ಕೆ ದಾರಿ ಇಲ್ಲದ್ದರಿಂದ ಅವುಗಳಲ್ಲಿ ತೂತಿದ್ದರೂ ನಿಮ್ಮ ಕಂಪ್ಯೂಟರ್ ತನಕ ಬರುವುದು ಕಷ್ಟ. ಪ್ರಿಂಟರ್ ಮಾತ್ರ ಅಲ್ಲಿಟ್ಟರೆ ಕಂಪ್ಯೂಟರ್‌ಗೆ ಕಾಣಿಸುವುದಿಲ್ಲ, ಅದನ್ನು ಕೇಬಲ್ ಹಾಕಿ ಮುಖ್ಯ ಜಾಲಕ್ಕೆ ಸೇರಿಸಿ, ರೌಟರ್‌ನಲ್ಲಿ ಅದಕ್ಕೆ ಇಂಟರ್ನೆಟ್ ಮುಚ್ಚಿಬಿಡಿ.

ಕಡತಗಾರ್ತಿ

ಯಂತ್ರ ಹೋದರೆ ಇನ್ನೊಂದು ಬರುತ್ತದೆ. ಅದರೊಳಗಿನದು ಹೋದರೆ? ಈ ಓಟದಲ್ಲಿ ನನಗೆ ನಿಜಕ್ಕೂ ನೋವು ಕೊಡುವ ಭಾಗ ಇದೇ.

ಬಿಬಿಸಿ 1986ರಲ್ಲಿ ಡೂಮ್ಸ್‌ಡೇ ಯೋಜನೆ ಮಾಡಿತು. 1086ರ ಡೂಮ್ಸ್‌ಡೇ, ಅಂದರೆ ಇಂಗ್ಲೆಂಡಿನ ಜಮೀನು-ಆಸ್ತಿ ಗಣತಿಯ ದಾಖಲೆಗೆ 900 ವರ್ಷ ತುಂಬಿದ ನೆನಪಿಗೆ, ಬ್ರಿಟನ್ನಿನ ಜನಜೀವನದ ಚಿತ್ರ, ನಕ್ಷೆ, ಬರಹಗಳನ್ನೆಲ್ಲ ಲೇಸರ್ ಡಿಸ್ಕ್‌ಗೆ ತುಂಬಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಪ್ಲೇಯರ್, ಕಂಪ್ಯೂಟರ್ ಎರಡೂ ಅಪರೂಪವಾದವು. ಹಳೆಯ ಯಂತ್ರವನ್ನೇ ಸಾಫ್ಟ್‌ವೇರಿನಲ್ಲಿ ಅನುಕರಿಸಿ ಅದನ್ನು ಮತ್ತೆ ಓದಿಸಬೇಕಾಯಿತು. ಚರ್ಮದ ಹಾಳೆಯ ಮೇಲಿನ 1086ರ ಮೂಲ ಇವತ್ತಿಗೂ ಬರಿಗಣ್ಣಿಗೆ ಓದಸಿಗುತ್ತದೆ.

ಆದ್ದರಿಂದ ಕಡತಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣವಾದದ್ದು: ಹೊಸದರ ಹಿಂದೆ ಹೋಗಲೇಬೇಡಿ. ಪಠ್ಯಕ್ಕೆ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ರೂಪ) ಸಾದಾ ಕಡತ, ಪುಟವಿನ್ಯಾಸ ಉಳಿಯಬೇಕಾದರೆ ದೀರ್ಘಕಾಲ ಕಾಪಿಡಲೆಂದೇ ಮಾಡಿದ ಪಿಡಿಎಫ್/ಎ. ಅದು 2005ರಿಂದ ಐಎಸ್‌ಒ ಮಾನದಂಡ. ಫಾಂಟ್‌ಗಳು ಕಡತದೊಳಗೇ ಇರಬೇಕು, ಪಾಸ್‌ವರ್ಡ್ ಬೀಗ ಇರಕೂಡದು, ಹೊರಗಿನ ಕೊಂಡಿಯನ್ನು ನಂಬಿರಕೂಡದು ಎಂಬುದೇ ಅದರ ಗುಣ. ಪಟ್ಟಿ, ಅಂಕಿಗಳಿಗೆ ಸಿಎಸ್‌ವಿ. ಸ್ಕ್ಯಾನ್ ಮಾಡಿದ ಚಿತ್ರಕ್ಕೆ ಟಿಫ್ ಅಥವಾ ಪಿಎನ್‌ಜಿ, ಧ್ವನಿಗೆ ಫ್ಲ್ಯಾಕ್. ದಾಖಲೆ ತಿದ್ದುವ ಪ್ರತಿ ಬೇಕಿದ್ದರೆ ಒಡಿಟಿಯಲ್ಲಿ ಇನ್ನೊಂದು ಇಡಿ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ಗೆ ಮುಂಚಿನ ಕನ್ನಡ ಕಡತ ಇಟ್ಟುಕೊಂಡವರು ದಯವಿಟ್ಟು ಇದನ್ನು ಮುಂದೂಡಬೇಡಿ. ಆ ಕಡತಗಳಲ್ಲಿ ಅಕ್ಷರಗಳಿಲ್ಲ, ಅಕ್ಷರದ ತುಂಡುಗಳ ಸಂಕೇತಗಳಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲಾಗುತ್ತದೆ, ಹುಡುಕಾಟಕ್ಕೂ ಸಿಗುವುದಿಲ್ಲ. ಪರಿವರ್ತಕಗಳಿವೆ, ಆದರೆ ಫಲಿತಾಂಶವನ್ನು ಕಣ್ಣಾರೆ ನೋಡಲೇಬೇಕು. ಮೊದಲು ಎಡವುವುದು ಅರ್ಕಾವೊತ್ತಿನಲ್ಲಿ: ಹಳೆಯ ಫಾಂಟ್‌ನಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ ಮೊದಲು ಬರಬೇಕು. 'ಸೂರ್ಯ', 'ಕಾರ್ಯ', 'ವರ್ಷ' ಎಂಬ ಪದಗಳನ್ನು ಹುಡುಕಿ, ಸಿಗದಿದ್ದರೆ ಪರಿವರ್ತನೆ ಕೆಟ್ಟಿದೆ. ಎರಡು ಒತ್ತಕ್ಷರ ಕೂಡಿದ 'ರಾಷ್ಟ್ರ', 'ಸ್ತ್ರೀ' ನೋಡಿ. ಮಧ್ಯೆ ಇಂಗ್ಲಿಷ್ ಪದ ಬಂದ ಸಾಲುಗಳನ್ನು ನೋಡಿ, ಅವನ್ನೂ ಕನ್ನಡ ಸಂಕೇತವೆಂದು ತಿಳಿದು ಪರಿವರ್ತಕ ಕಲಸಿಬಿಡುತ್ತದೆ. ಮೂಲ ಕಡತ ಮತ್ತು ಆ ಫಾಂಟ್ ಎರಡನ್ನೂ ಅಳಿಸಬೇಡಿ.

ಇಡುವ ಜಾಗ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಎಸ್‌ಎಸ್‌ಡಿಯನ್ನು (ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲಿ ಬರೆಯುವ ಡಿಸ್ಕ್) ಕಪಾಟಿನಲ್ಲಿಟ್ಟು ಮರೆಯುವುದು ತಪ್ಪು. ಬರೆಯುವ ಆಯುಷ್ಯ ಮುಗಿಸಿದ ಮನೆ ಬಳಕೆಯ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿರಬೇಕು ಎಂಬುದಷ್ಟೇ ಜೆಡೆಕ್ ಎಂಬ ಚಿಪ್ ಉದ್ಯಮದ ಸಂಸ್ಥೆಯ ಮಾನದಂಡದ ಬೇಡಿಕೆ. ಕಪಾಟಿಗೆ ತಿರುಗುವ ಹಾರ್ಡ್ ಡಿಸ್ಕ್ ವಾಸಿ. ವರ್ಷಕ್ಕೊಮ್ಮೆ ಅದನ್ನು ಓಡಿಸಿ, ಪ್ರತಿ ಕಡತದ ಎಸ್‌ಎಚ್‌ಎ-256 ಮೊತ್ತವನ್ನು (ಕಡತದ ಒಳಗಿನದರಿಂದ ಲೆಕ್ಕಹಾಕಿದ ಗುರುತು ಸಂಖ್ಯೆ) ಮೊದಲು ಬರೆದಿಟ್ಟ ಪಟ್ಟಿಯೊಂದಿಗೆ ಹೋಲಿಸಿ. ಒಂದೇ ಅಂಕಿ ಬದಲಾಗಿದ್ದರೂ ಆ ಕಡತ ಕೆಟ್ಟಿದೆ, ಇನ್ನೊಂದು ಪ್ರತಿಯಿಂದ ತನ್ನಿ. ಸಂಸ್ಥೆಗಳು ಟೇಪ್ ಬಳಸುತ್ತವೆ, ಅಲ್ಲೂ ಇದೇ ಓಟ: ಎಲ್‌ಟಿಒ ಎಂಬ ಬಗೆಯ ಟೇಪ್‌ನ ಏಳನೇ ಪೀಳಿಗೆ, ಎಲ್‌ಟಿಒ-7 ಡ್ರೈವ್ ಎರಡು ಪೀಳಿಗೆ ಹಿಂದಿನ ಟೇಪ್ ಓದುತ್ತಿತ್ತು, ಎಲ್‌ಟಿಒ-8 ಒಂದೇ ಪೀಳಿಗೆ ಹಿಂದಕ್ಕೆ ಹೋಗುತ್ತದೆ. ಎಲ್‌ಟಿಒ-6 ಟೇಪ್ ರಾಶಿ ಇರುವವರು ಹಳೆಯ ಡ್ರೈವ್ ಕೆಡುವ ಮುಂಚೆಯೇ ಮಾಹಿತಿಯನ್ನು ಹೊಸ ಟೇಪ್‌ಗೆ ಸಾಗಿಸಬೇಕು.

ದೋಷಶೋಧಕ

ಅಪ್‌ಡೇಟ್ ತಕ್ಷಣ ಹಾಕಬೇಕೋ ಕಾಯಬೇಕೋ ಎಂಬುದಕ್ಕೆ ಎರಡು ಘಟನೆಗಳು ಎರಡು ದಿಕ್ಕಿಗೆ ಕೈ ತೋರಿಸುತ್ತವೆ. 2021ರ ಡಿಸೆಂಬರ್‌ನಲ್ಲಿ ಎಷ್ಟೋ ತಂತ್ರಾಂಶಗಳೊಳಗೆ ಇರುವ, ಲಾಗ್ ದಾಖಲೆ ಬರೆಯುವ ಲಾಗ್4ಜೆ ಎಂಬ ತುಣುಕಿನ ಭದ್ರತಾ ತೂತು ಹೊರಬಂತು. ಬಯಲಾದ ಹೊತ್ತಿನಿಂದಲೇ ದಾಳಿ, ವಾರ ಕಾದವರಿಗೆ ಉಳಿಗಾಲವಿರಲಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಯಲ್ಲಿ ನಿಲ್ಲಿಸಿತು. ಆ ಲೆಕ್ಕ ಮೈಕ್ರೋಸಾಫ್ಟ್‌ನದೇ. ಅಲ್ಲಿ ತಕ್ಷಣ ಪಡೆದವರೇ ಬಿದ್ದರು.

ಹಾಗಾಗಿ ಹತ್ತಕ್ಕಿಂತ ಹೆಚ್ಚು ಯಂತ್ರ ನೋಡಿಕೊಳ್ಳುವವರು ಹಂತ ಹಂತವಾಗಿ ಹಾಕಿ. ಬೇರೆ ಬೇರೆ ಮಾದರಿಯ ಒಂದೆರಡು ಯಂತ್ರಗಳಿಗೆ ಮೊದಲು, ಒಂದು ದಿನ ನೋಡಿ ಕಾಲು ಭಾಗಕ್ಕೆ, ಮೂರನೇ ದಿನ ಉಳಿದವಕ್ಕೆ. ಈಗಾಗಲೇ ದಾಳಿಗೆ ಬಳಕೆಯಾಗುತ್ತಿರುವ ತೂತಾದರೆ ಈ ಇಡೀ ಕ್ರಮವನ್ನು ಗಂಟೆಗಳಿಗೆ ಇಳಿಸಿ. ಮೊದಲ ಯಂತ್ರಗಳಲ್ಲಿ ನೋಡಬೇಕಾದದ್ದು: ಬೂಟ್ ಆಗುತ್ತದೆಯೇ, ಲಾಗಿನ್ ಆಗುತ್ತದೆಯೇ, ಮುದ್ರಣ ಬರುತ್ತದೆಯೇ, ನೀವು ದಿನವೂ ಬಳಸುವ ಒಂದು ಮುಖ್ಯ ತಂತ್ರಾಂಶ ತೆರೆಯುತ್ತದೆಯೇ. ಹೊಸ ವೈಶಿಷ್ಟ್ಯದ ದೊಡ್ಡ ಆವೃತ್ತಿಗೆ ಈ ಆತುರ ಬೇಡವೇ ಬೇಡ. ಮೊದಲ ತಿದ್ದುಪಡಿ ಬರುವ ತನಕ ಕಾಯಿರಿ.

ತಂತ್ರಾಂಶ ಬರೆಯುವವರಿಗೆ ಒಂದು ಮಾತು. 2016ರಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಜಾವಾಸ್ಕ್ರಿಪ್ಟ್ ತುಣುಕನ್ನು ಅದರ ಲೇಖಕ ಹಿಂತೆಗೆದಾಗ ಜಗತ್ತಿನಾದ್ಯಂತ ಯೋಜನೆಗಳು ಕಟ್ಟಲಾಗದೆ ನಿಂತವು. ಹತ್ತು ಸಾಲು ಬರೆಯುವ ಬದಲು ಹೊರಗಿನ ಪ್ಯಾಕೇಜ್ ತರುವುದು ವೇಗವೆಂದು ಕಾಣುತ್ತದೆ, ಸಾಲ ತೀರಿಸುವ ದಿನ ಬಂದಾಗ ಗೊತ್ತಾಗುತ್ತದೆ. ಆವೃತ್ತಿಯನ್ನು ಲಾಕ್ ಕಡತದಲ್ಲಿ ಬಿಗಿಯಿರಿ, ಪ್ಯಾಕೇಜ್‌ಗಳ ಪ್ರತಿಯನ್ನು ನಿಮ್ಮ ಹತ್ತಿರವೂ ಇಡಿ, ಇಂಟರ್ನೆಟ್ ತೆಗೆದು ಯೋಜನೆ ಕಟ್ಟಲಾಗುತ್ತದೆಯೇ ಎಂದು ಆಗಾಗ ನೋಡಿ. ದತ್ತಾಂಶಕ್ಕೆ ಸದ್ದುಗದ್ದಲವಿಲ್ಲದ್ದನ್ನು ಆರಿಸಿ. ಎಸ್‌ಕ್ಯೂಲೈಟ್ ಎಂಬ ದತ್ತಾಂಶ ತಂತ್ರಾಂಶ ಬರೆಯುವವರು 2050ರ ತನಕ ಅದನ್ನು ಬೆಂಬಲಿಸುವ ಸಂಕಲ್ಪ ಪ್ರಕಟಿಸಿದ್ದಾರೆ. ಇಂಥ ಮಾತು ಕೊಡುವವರು ಎಷ್ಟು ಜನ?

ಮೆಲ್ಲಗೆ

ಯಂತ್ರಗಳ ಮಾತಾಯಿತು, ಕೈಗಳ ಮಾತೂ ಆಗಲಿ. ಹಿರಿಯರಿಗೆ, ದಿನವಿಡೀ ಒಂದೇ ತಂತ್ರಾಂಶದಲ್ಲಿ ಕೆಲಸ ಮಾಡುವವರಿಗೆ ಹೊಸದನ್ನು ಕಲಿಯುವುದು ಕಷ್ಟವಲ್ಲ. ಕಲಿತ ಜಾಗದಿಂದ ಗುಂಡಿ ಸರಿದುಹೋಗುವುದು ಕಷ್ಟ. ನೋಡದೆಯೇ ಕೈ ಹೋಗುತ್ತಿದ್ದ ಕಡೆ ಈಗ ಬೇರೇನೋ ಇರುತ್ತದೆ, ತಪ್ಪು ತಮ್ಮದೇ ಎಂದುಕೊಂಡು ಅವರು ಕೇಳುವುದನ್ನೇ ನಿಲ್ಲಿಸುತ್ತಾರೆ. ವಿನ್ಯಾಸ ಮಾಡುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಅನ್ಯಾಯ.

ಮಾಡಬಹುದಾದದ್ದು ಇದೆ. ಆಂಡ್ರಾಯ್ಡ್‌ನಲ್ಲಿ ಕೆಳಗಿನ ಮೂರು ಗುಂಡಿಗಳು ಮಾಯವಾಗಿ ಸವರುವ ಪದ್ಧತಿ ಬಂದಿದ್ದರೆ, ಸೆಟ್ಟಿಂಗ್‌ನಲ್ಲಿ ನ್ಯಾವಿಗೇಶನ್ ಎಂದು ಹುಡುಕಿ, ಮೂರು ಗುಂಡಿಯ ಆಯ್ಕೆ ಇನ್ನೂ ಅಲ್ಲೇ ಇದೆ. ಹೋಮ್ ಪರದೆಯ ವಿನ್ಯಾಸ ಲಾಕ್ ಮಾಡಿ, ಐಕಾನ್‌ಗಳು ಕೈತಪ್ಪಿ ಸರಿಯುವುದು ನಿಲ್ಲುತ್ತದೆ. ಆ್ಯಪ್‌ಗಳ ಭದ್ರತಾ ಅಪ್‌ಡೇಟ್ ತಾನಾಗಿ ಆಗಲಿ. ಫೋನಿನ ದೊಡ್ಡ ಆವೃತ್ತಿಯನ್ನು ಮಾತ್ರ ಪಕ್ಕದಲ್ಲಿ ಕೂತು ತೋರಿಸುವವರು ಇದ್ದ ದಿನ ಹಾಕಿ. ಫೋನ್, ಸಿಮ್, ಬ್ಯಾಂಕ್ ಆ್ಯಪ್ ಮೂರನ್ನೂ ಒಂದೇ ದಿನ ಬದಲಿಸಬೇಡಿ, ಯಾವುದು ಕೆಟ್ಟಿತೆಂದು ಹಿಡಿಯಲಾಗುವುದಿಲ್ಲ.

ಹಳೆಯ ಫೋನ್ ಅಳಿಸುವ ಮುನ್ನ ಎರಡು ಹಂತದ ಲಾಗಿನ್ ಸಾಗಿಸಿ. ಬಹಳ ಜನ ಇಲ್ಲೇ ಹೊರಗೆ ಬೀಳುತ್ತಾರೆ. ಲಾಗಿನ್ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್‌ನಿಂದ ಹೊಸ ಫೋನ್‌ಗೆ ಖಾತೆಗಳನ್ನು ರಫ್ತು ಮಾಡಿ, ಪ್ರತಿ ಖಾತೆಗೂ ಹೊಸ ಫೋನ್‌ನಿಂದಲೇ ಒಂದು ಸಲ ಲಾಗಿನ್ ಆಗಿ ನೋಡಿ, ಬ್ಯಾಕಪ್ ಕೋಡ್‌ಗಳನ್ನು ಹೊಸದಾಗಿ ತೆಗೆದು ಕಾಗದದಲ್ಲಿಡಿ. ಹಳೆಯ ಫೋನ್ ಎರಡು ವಾರ ಹಾಗೇ ಇರಲಿ. ತಪ್ಪಿದ್ದು ಏನೆಂದು ಆ ಎರಡು ವಾರದಲ್ಲಿ ಗೊತ್ತಾಗುತ್ತದೆ.

ಸಾಲುಮರ

ಎಲ್ಲರಿಗೂ ಧನ್ಯವಾದ. ಇನ್ನೆರಡು ವಿಷಯ ಉಳಿದಿವೆ: ಇಂಟರ್ನೆಟ್ ಇದ್ದರಷ್ಟೇ ಕೆಲಸ ಮಾಡುವ ಮನೆ ಸಾಧನಗಳು, ಮತ್ತು ಎಐ. ಎರಡನೆಯದರಲ್ಲಿ ಇವತ್ತು ಕಲಿತದ್ದು ಆರು ತಿಂಗಳಿಗೆ ಹಳತಾಗುತ್ತದೆ ಎನ್ನುತ್ತಾರೆ. ಹಾಗಾದರೆ ಕಲಿಯುವುದು ಏನನ್ನು?

ಬೆಸುಗೆಕಡ್ಡಿ

ಮೊದಲನೆಯದಕ್ಕೆ ಸರಳ ಪರೀಕ್ಷೆ. ರೌಟರ್‌ನಿಂದ ಇಂಟರ್ನೆಟ್ ಕೇಬಲ್ ಮಾತ್ರ ಕೀಳಿ, ವೈಫೈ ಇರಲಿ. ಈಗ ಬಲ್ಬ್ ಹೊತ್ತುತ್ತದೆಯೇ, ಬೀಗ ತೆರೆಯುತ್ತದೆಯೇ ನೋಡಿ. ಯಾವುದು ಸತ್ತಂತಿದೆಯೋ ಅದು ನಿಮ್ಮದಲ್ಲ, ಕಂಪನಿಯ ಸರ್ವರ್ ಇರುವ ತನಕದ ಬಾಡಿಗೆ. ಮನೆಯ ಸಾಧನಗಳನ್ನು ಒಂದೆಡೆಯಿಂದ ನಡೆಸುವ ರಿವಾಲ್ವ್ ಎಂಬ ಹಬ್ ಅನ್ನು ಜೀವಮಾನದ ಚಂದಾ ಸೇರಿದೆ ಎಂದು ಮಾರಿದ್ದರು, 2016ರ ಮೇನಲ್ಲಿ ಸರ್ವರ್ ಮುಚ್ಚಿದ ದಿನ ಅದು ಖಾಲಿ ಡಬ್ಬಿಯಾಯಿತು. ಕೊಳ್ಳುವಾಗ ಜಿಗ್‌ಬೀ ಅಥವಾ ಮ್ಯಾಟರ್ ಮಾನದಂಡ ಇದೆಯೇ ಕೇಳಿ. ಇವು ಮನೆಯೊಳಗೇ ಮಾತಾಡಿಕೊಳ್ಳಬಲ್ಲವು. ಬೀಗವಾದರೆ ಕೈಯಿಂದ ತಿರುಗಿಸುವ ಕೀಲಿ ಇರಲೇಬೇಕು.

ಕಾನೂನು ಸ್ವಲ್ಪ ಎಚ್ಚೆತ್ತಿದೆ ಎಂಬುದು ಸಮಾಧಾನ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನ್‌ಗಳ ಬ್ಯಾಟರಿ 800 ಚಾರ್ಜ್ ಚಕ್ರಗಳ ನಂತರವೂ 80 ಶೇಕಡಾ ಸಾಮರ್ಥ್ಯ ಉಳಿಸಿಕೊಂಡಿರಬೇಕು. ಆ ಮಾದರಿಯ ಮಾರಾಟ ನಿಂತ ಮೇಲೂ 5 ವರ್ಷ ಸಿಸ್ಟಂ ಅಪ್‌ಡೇಟ್, 7 ವರ್ಷ ಮುಖ್ಯ ಬಿಡಿಭಾಗ ಸಿಗಬೇಕು. ಒತ್ತಡ ಹಾಕಿದರೆ ಓಟದ ದಿಕ್ಕು ಬದಲಾಗುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹೊಸಬೆಳಕು

ಎಐ ವಿಷಯಕ್ಕೆ. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಬಂದಾಗಿನಿಂದ 'ಹೀಗೆ ಕೇಳಿದರೆ ಹೀಗೆ ಬರುತ್ತದೆ' ಎಂಬ ಉಪಾಯಗಳ ರಾಶಿಯೇ ಬಂದು ಹೋಗಿದೆ. ಅವನ್ನು ಬಾಯಿಪಾಠ ಮಾಡಬೇಡಿ. ಉಳಿಯುವ ಕೌಶಲ ಒಂದೇ: ಬಂದ ಉತ್ತರ ಸರಿಯೇ ಎಂದು ಪರೀಕ್ಷಿಸುವುದು.

ನಿಮ್ಮ ಕೆಲಸದಿಂದಲೇ ಇಪ್ಪತ್ತು ಮೂವತ್ತು ಪ್ರಶ್ನೆ ಆರಿಸಿ, ಸರಿಯುತ್ತರ ನಿಮಗೆ ಖಚಿತವಾಗಿ ಗೊತ್ತಿರುವಂಥವು. ಅವುಗಳಲ್ಲಿ ಐದಾರು ಉತ್ತರವೇ ಇಲ್ಲದ ಪ್ರಶ್ನೆಗಳಿರಲಿ, ಇಲ್ಲದ ದಾಖಲೆಯ ಬಗ್ಗೆ ಕೇಳಿದಂತೆ. ಎಐ ಮಾದರಿಯ ಆವೃತ್ತಿ ಬದಲಾದಾಗಲೆಲ್ಲ ಅವನ್ನೇ ಓಡಿಸಿ, ಸರಿ, ತಪ್ಪು, ಕಟ್ಟುಕಥೆ ಎಂದು ಮೂರು ಕಾಲಂನಲ್ಲಿ ಬರೆಯಿರಿ. ಮೂರನೇ ಕಾಲಂ ಮುಖ್ಯ. ಈ ಮಾದರಿಗಳು ಮುಂದಿನ ಪದ ಯಾವುದಿರಬಹುದು ಎಂದು ಅಂದಾಜಿಸಿ ಬರೆಯುತ್ತವೆ, ಆದ್ದರಿಂದ ಇಲ್ಲದ ತೀರ್ಪು, ಇಲ್ಲದ ಲೇಖನ, ಇಲ್ಲದ ಪುಟಸಂಖ್ಯೆ ಎಲ್ಲವೂ ನಿಜದಷ್ಟೇ ಸಲೀಸಾಗಿ ಬರುತ್ತವೆ. ಭಾಷೆಯ ಧಾಟಿಯಿಂದ ಸುಳ್ಳನ್ನು ಹಿಡಿಯಲಾಗುವುದಿಲ್ಲ.

ದೋಷಶೋಧಕ

ಇದಕ್ಕೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಪರೀಕ್ಷಿಸುವ ಕೌಶಲ ಬರುವುದೇ ಕೈಯಾರೆ ಮಾಡಿ ಕಲಿತದ್ದರಿಂದ. ಹೊಸಬರು ಮೊದಲ ದಿನದಿಂದಲೇ ಯಂತ್ರದಿಂದ ಕೋಡ್ ಬರೆಸಿದರೆ, ತಪ್ಪು ಎಲ್ಲಿದೆ ಎಂದು ಮೂಗಿಗೆ ಬಡಿಯುವ ಆ ಅರಿವು ಎಲ್ಲಿಂದ ಬರಬೇಕು? ಕಲಿಯುವ ಹಂತದಲ್ಲಿ ಮೊದಲು ತಾವೇ ಬರೆಯಲಿ, ಆಮೇಲೆ ಎಐ ಬರೆದದ್ದರ ಜೊತೆ ಹೋಲಿಸಲಿ. ಕ್ರಮ ತಿರುಗುಮುರುಗಾದರೆ ಫಲವಿಲ್ಲ. ಇನ್ನೊಂದು, ಎಪಿಐ ಮೂಲಕ, ಅಂದರೆ ತಮ್ಮ ತಂತ್ರಾಂಶದಿಂದಲೇ ನೇರವಾಗಿ, ಎಐ ಬಳಸುವವರು ತಾರೀಖು ಸೇರಿದ ನಿಶ್ಚಿತ ಆವೃತ್ತಿಯನ್ನೇ ಹೆಸರಿಸಿ. 'ಇತ್ತೀಚಿನದು' ಎಂದು ಬರೆದರೆ ನಿಮಗೆ ತಿಳಿಯದಂತೆ ವರ್ತನೆ ಬದಲಾಗುತ್ತದೆ. ಆ ಆವೃತ್ತಿ ನಿವೃತ್ತಿಯಾಗುವ ದಿನವನ್ನೂ ಕ್ಯಾಲೆಂಡರ್‌ನಲ್ಲಿ ಗುರುತಿಸಿಡಿ.

ಹೊಸಬೆಳಕು

ಕಲಿಯುವವರ ಬಗ್ಗೆ ನೀವು ಹೇಳಿದ ಕ್ರಮ ಸರಿ. ಆದರೆ ಪಕ್ಕದಲ್ಲಿ ಗುರುವೇ ಇಲ್ಲದವರಿಗೆ ಅದೇ ಯಂತ್ರ ಎಷ್ಟು ಸಲ ಕೇಳಿದರೂ ಬೇಸರಿಸದೆ ವಿವರಿಸುತ್ತದೆ ಎಂಬುದನ್ನು ನಾನು ಬಿಟ್ಟುಕೊಡಲಾರೆ.

ಸಾಲುಮರ

ಏಳನೇ ಪೀಳಿಗೆಯ ಯಂತ್ರಗಳಿಗೆ ಲಿನಕ್ಸ್ ಎಂದು ತೀರ್ಮಾನಿಸಿದ್ದೇನೆ. 8 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್. ಹಾಕುವ ಮುನ್ನ ಗಮನಿಸಬೇಕಾದದ್ದು?

ಬೆಸುಗೆಕಡ್ಡಿ

ಹಾರ್ಡ್ ಡಿಸ್ಕ್ ತೆಗೆದು 2.5 ಅಂಗುಲದ ಸಾಟಾ ಎಸ್‌ಎಸ್‌ಡಿ ಹಾಕಿ. ಇದೊಂದೇ ಬದಲಾವಣೆ ಯಂತ್ರದ ನಡೆಯನ್ನೇ ಬದಲಿಸುತ್ತದೆ. ತೆಗೆದ ಡಿಸ್ಕ್ ಅಳಿಸದೆ ಹಾಗೇ ಎತ್ತಿಡಿ, ಏನಾದರೂ ಬೇಕಾದರೆ ಹಳೆಯ ವಿಂಡೋಸ್ ಇದ್ದಂತೆಯೇ ಸಿಗುತ್ತದೆ. 8 ಜಿಬಿ ಸಾಕು.

ಉಬುಂಟು ಎಲ್‌ಟಿಎಸ್ ಅಥವಾ ಅದನ್ನು ಆಧರಿಸಿದ ಮಿಂಟ್ ಆರಿಸಿದರೆ 5 ವರ್ಷ ಅಪ್‌ಡೇಟ್ ಇರುತ್ತದೆ. 8 ಜಿಬಿ ಪೆನ್‌ಡ್ರೈವ್‌ಗೆ ಬರೆದು, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲೈವ್ ಆಗಿ ಓಡಿಸಿ. ವೈಫೈ, ಧ್ವನಿ, ಕ್ಯಾಮೆರಾ, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಗೊಳ್ಳುವುದು, ಪ್ರಿಂಟರ್, ಕನ್ನಡ ಕೀಲಿಮಣೆ ಎಲ್ಲವನ್ನೂ ಆಗಲೇ ನೋಡಿ. ಹೆಚ್ಚಾಗಿ ಕೈಕೊಡುವುದು ಸ್ಕ್ಯಾನರ್, ಬೆರಳಚ್ಚು ಓದುವ ಸಾಧನ, ಮತ್ತೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಟೋಕನ್ ಮೇಲೆ ಕಚೇರಿ ಕೆಲಸ ನಿಂತಿದ್ದರೆ, ಅದರ ಲಿನಕ್ಸ್ ಡ್ರೈವರ್ ಸಿಕ್ಕು ಒಂದು ಸಹಿ ಹಾಕಿ ನೋಡುವ ತನಕ ಆ ಒಂದು ಯಂತ್ರವನ್ನು ಮುಟ್ಟಬೇಡಿ. ಉಳಿದವನ್ನು ಬದಲಿಸಿ.